ತುಂಬಿದ ಚೆಂಬು

ಗುಡ್ಡದ ಬಂಡೆಗಳನ್ನೇ ಉರುಳಿಸುವ ಹಾಗೆ ಬೀಸುತ್ತಿದ್ದ ಗಾಳಿ ಆ ಬೆಳಿಗ್ಗೆ ಎಲೆಯೂ ಅಲುಗದಂತೆ ನಿಂತುಹೋಗಿತ್ತು. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಗಾಳಿ ನಿಂತಿತೆಂದರೆ ಹಾಸು, ಮಗ್ಗಕ್ಕೇರಿಸುವ ಉದ್ದೆಳೆಗಳ ಸಾಲು, ಹೊರಗೆ ಬರುತ್ತದೆ. ದುರುಗಕ್ಕ ಮದುವೆ ಸೀರೆಯ ಹಾಸನ್ನು ಬೀದಿಯುದ್ದಕ್ಕೂ ಬಿಗಿದು, ತುಂಡಾದ ಎಳೆ ಹುಡುಕಿ ಗಂಟು ಹಾಕುತ್ತಿದ್ದಳು. ಸೊಂಟದೆತ್ತರಕ್ಕೆ ಚಾಚಿದ ಕುಂಕುಮ ಬಣ್ಣದ ರೇಷ್ಮೆ, ಪಕ್ಕದಲ್ಲೇ ಚರಂಡಿ, ನಡುವೆ ಒಂದು ಪಾದ ಹಿಡಿಸುವಷ್ಟೇ ಅಗಲದ ಅಂಚುಕಲ್ಲಿನ ಸಾಲು.

ಎದುರು ಮನೆಯ ಬಾಗಿಲಲ್ಲಿ ನಾಗರತ್ನ ಆ ಕಲ್ಲನ್ನೇ ನೋಡುತ್ತ ನಿಂತಿದ್ದಳು.

ದುರುಗಕ್ಕ ಅವಳ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಎರಡು ವರ್ಷದ ಹಿಂದೆ ಇಂಥದೇ ಒಂದು ಬೆಳಿಗ್ಗೆ ನಾಗರತ್ನಳ ಮಗಳು ಕಾಂಚನಾ ಎಡವಿ ಈ ವಾರಗಿತ್ತಿಯ ಹಾಸಿನ ಮೇಲೆ ಬಿದ್ದಿದ್ದಳು. ಕಾಂಚನಾಗೆ ಬುದ್ಧಿ ಬೆಳೆಯುವುದು ನಿಧಾನ, ಕಾಲು ನಿಲ್ಲುವುದು ಅದಕ್ಕಿಂತ ನಿಧಾನ. ದುರುಗಕ್ಕ ಹುಡುಗಿಯ ಕೆನ್ನೆಗೆ ಬಾರಿಸಿ, ಬೀದಿಯೆಲ್ಲ ಕೇಳುವಂತೆ ಅಂದಿದ್ದಳು: "ದನಾನಾದ್ರೂ ಕಟ್ಟಾಕ್ತಾರೆ. ಹಾಸು ಹಾಕ್ದಾಗ ನಿನ್ ಮಗಳನ್ನ ಒಳಗೆ ಕೂಡಾಕು." ಅಂದಿನಿಂದ ಗಾಳಿ ನಿಂತ ಬೆಳಿಗ್ಗೆಯೆಲ್ಲ ಕಾಂಚನಾ ಚಿಲಕದ ಹಿಂದೆ.

ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರೆ. ನಾಗರತ್ನ ದಿನಾ ದೀಪ ಹಚ್ಚಿ ಒಂದೇ ವರ ಕೇಳುತ್ತಿದ್ದಳು: ಅವಳ ರೇಷ್ಮೆ ಹಾಳಾಗ್ಲಿ ತಂದೆ. ದೇವರಿಗೆ ನೂರೆಂಟು ಕೆಲಸ. ಇದೊಂದನ್ನು ತಾನೇ ಮಾಡಿದರಾಯಿತು ಎಂದು ಅವಳು ಈಗ ಒಳಗೆ ಹೋಗಿ, ಚೆಂಬಿನ ಕಂಠದವರೆಗೆ ಹುಳಿ ಮಜ್ಜಿಗೆ ತುಂಬಿದಳು.

"ಕಾಂಚೀ, ಹಾಸಿನ ಆ ತುದೀಲಿ ತಿಪ್ಪಯ್ಯ ದೊಡ್ಡಪ್ಪ ಕುಂತವ್ರೆ ನೋಡು. ಕೊಟ್ಟು ಬಾ."

"ದೊಡ್ಡವ್ವ ಹೊಡಿತಾಳೆ."

"ಇವತ್ತು ಹೊಡಿಯಲ್ಲ. ನಾನದೀನಿ."

ಬುದ್ಧಿ ಸಾಲದ ಕೂಸು ಬಿದ್ದರೆ ಯಾರನ್ನು ಯಾರು ಕೇಳುವುದು? ಮಜ್ಜಿಗೆ ಕುಡಿದ ರೇಷ್ಮೆ ಮದುವೆಗೆ ಹೋಗದು. ದುರುಗಕ್ಕ ಕೈ ಎತ್ತಿದರೆ, ಈ ಸಲ ಆ ಕೈ ಹಿಡಿದು ತಿರುಚುವುದೇ. ಎಲ್ಲ ಯೋಚಿಸಿಯೇ ಇದ್ದಳು.

"ಏ ನಾಗಿ, ಅವಳನ್ನ ಒಳಗೆ ಕರ್ಕೋ," ದುರುಗಕ್ಕನ ದನಿ ಬಂತು.

"ಯಾಕಕ್ಕ, ಬೀದೀನ ತವರಿಂದ ತಂದಿದ್ಯಾ?"

ಕಾಂಚನಾ ಆಗಲೇ ಅಂಚುಕಲ್ಲು ಹತ್ತಿದ್ದಳು. ಚೆಂಬು ನೋಡಲಿಲ್ಲ, ಕಾಲು ನೋಡಲಿಲ್ಲ. ದೂರದ ದೊಡ್ಡಪ್ಪನ ಪೇಟದ ಮೇಲೆ ಕಣ್ಣು ನೆಟ್ಟಳು. ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿದಳು. ತುಟಿ ಮಣಮಣ ಅನ್ನುತ್ತಿತ್ತು: "ಹಿಮ್ಮಡಿ... ಬೆರಳು... ಹಿಮ್ಮಡಿ..."

ನಾಗರತ್ನ ದಂಗಾದಳು. ಪ್ರತಿ ಶನಿವಾರ ಬಸ್ಸು ಹತ್ತಿ ಚಳ್ಳಕೆರೆಯ ಇಂಥ ಮಕ್ಕಳ ಶಾಲೆಗೆ ಮಗಳನ್ನು ಬಿಡುತ್ತಿದ್ದವಳು ಅವಳೇ. ಒಳಗೆ ಸೀಮೆಸುಣ್ಣದ ಗೆರೆ, ಇಟ್ಟಿಗೆಗಳ ಸಾಲು, ಒಂಟಿಕಾಲಲ್ಲಿ ನಿಲ್ಲಿಸುವ ಮೇಡಂ. ಇವಳು ಗೇಟಿನಾಚೆ ಬೇವಿನ ನೆರಳಲ್ಲಿ ಕೂತು, "ಕುಣಿಸ್ತಾರೆ, ಇನ್ನೇನ್ ಮಾಡ್ತಾರೆ" ಅಂತ ಶೇಂಗಾ ಸುಲಿಯುತ್ತಿದ್ದಳು. ಮನೆಗೆ ಬಂದರೆ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಣಿ. ಗುಣಿಯಲ್ಲಿ ಕೂತವಳಿಗೆ ಎಳೆ ಬಿಟ್ಟು ಬೇರೇನು ಕಂಡೀತು?

ನಡುದಾರಿಯಲ್ಲಿ ಕಲ್ಲೊಂದು ಅಲುಗಿತು. ಕಾಂಚನಾ ಒಂಟಿಕಾಲಲ್ಲಿ ನಿಂತಳು, ಬಿಡುವಾಗಿದ್ದ ಕೈ ರೆಕ್ಕೆಯ ಹಾಗೆ ಚಾಚಿ. ದುರುಗಕ್ಕ ರೇಷ್ಮೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

ಬೀಳು, ಅಂದಿತು ನಾಗರತ್ನಳ ಮನಸ್ಸು. ಹಾಗಂದದ್ದು ಹೆತ್ತ ಮಗಳಿಗೆ ಅಂತ ಅವಳಿಗೆ ತಿಳಿಯುವಷ್ಟರಲ್ಲಿ ಪುಟ್ಟ ಪಾದ ಮುಂದಿನ ಕಲ್ಲಿನ ಮೇಲಿತ್ತು.

ತಿಪ್ಪಯ್ಯ ಚೆಂಬು ಇಸಿದುಕೊಂಡ. "ಚೆಲ್ದಂಗೆ ತಂದ್ಯಲ್ಲೇ ತಾಯಿ. ಯಾರು ಕಲ್ಸಿದ್ರು?"

"ಮೇಡಮ್ಮು," ಅಂದಳು ಕಾಂಚನಾ. "ಅವ್ವ ಕಳ್ಸಿದ್ಲು."

ದುರುಗಕ್ಕ ತಿರುಗಿ ನಾಗರತ್ನಳ ಮುಖ ನೋಡಿದಳು. ನೇಯುವವಳ ಕಣ್ಣು, ಎಳೆ ಎಲ್ಲಿ ತುಂಡಾಗಿದೆ ಅಂತ ಅದಕ್ಕೆ ಹೇಳಬೇಕಾಗಿಲ್ಲ. ದುರುಗಕ್ಕ ಆ ತುದಿಗೆ ನಡೆದು, ಹಾಸಿನ ಬಿದಿರುಕೋಲನ್ನು ಹುಡುಗಿಯ ಕೈಗೆ ಕೊಟ್ಟಳು. "ಹಿಡ್ಕೋ. ಬಿಗಿಯಾಗಿ."

ಹಾಸು ಸುತ್ತುವಾಗ ಕೋಲು ಹಿಡಿದ ಮಕ್ಕಳಿಗೆ ಮಂಡಕ್ಕಿ ಹುರಿಗಡಲೆ ಹಂಚುವುದು ಆ ಬೀದಿಯ ಪದ್ಧತಿ. ಉಳಿದವರಿಗೆ ಮೊರದಿಂದ ಹಿಡಿ ಹಿಡಿ ಕೊಟ್ಟು, ಕೊನೆಗೆ ದುರುಗಕ್ಕ ಕಾಂಚನಾಳ ಮುಂದೆ ಬಂದಳು. ಕಾಂಚನಾ ಲಂಗ ಒಡ್ಡಿದಳು.

"ಹಿಂದಿನ ಎರಡು ವರ್ಷದ್ದೂ ಐತೆ ಇದ್ರಾಗೆ," ಎಂದು ದುರುಗಕ್ಕ, ಯಾರ ಕಡೆಗೂ ತಲೆ ಎತ್ತದೆ, ಮೊರವನ್ನು ಪೂರ್ತಿ ಬಗ್ಗಿಸಿದಳು.