ಬೇಯಿಸದ ಬೂದಿ

ಬಟ್ಟೆಗೆ ಬಣ್ಣ ಹಾಕುವವರ ಬೀದಿಯಲ್ಲಿ ಎಲ್ಲರೂ ಅವಳನ್ನು ಲ್ಯಾಬಕ್ಕ ಎಂದೇ ಕರೆಯುತ್ತಿದ್ದರು. ಬಣ್ಣಗಾರರೆಲ್ಲ ಸೇರಿ ಕಟ್ಟಿಸಿದ ಕೊಳಚೆ ತೊಟ್ಟಿಯ ಪಕ್ಕದ ಒಂಟಿ ಕೋಣೆಯೇ ಅವಳ ಪ್ರಯೋಗಾಲಯ. ತೊಟ್ಟಿಗೆ ಒಂದು ದಿನ ನೀಲಿ ನೀರು ಬಂದರೆ ಮರುದಿನ ಕೆಂಪು, ಕೆಲವೊಮ್ಮೆ ಹೆಸರೇ ಇಲ್ಲದ ಬಣ್ಣ. ಅವಳು ಏನು ಸುರಿದು ಕದಡಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನೀರು ಬಂದ ಬಣ್ಣದಲ್ಲೇ ಕಾಲುವೆಗಿಳಿದು, ಕೆಳಗಿನ ತರಕಾರಿ ತೋಟಗಳಿಗೆ ಹೋಗುತ್ತಿತ್ತು.

ಬೂದಿಯ ಯೋಚನೆ ಅವಳದು. ಅವಳ ಅಣ್ಣ ಊರಾಚೆಯ ವಿದ್ಯುತ್ ಸ್ಥಾವರದಲ್ಲಿ ಮೇಲ್ವಿಚಾರಕನಾಗಿದ್ದ. ಅಲ್ಲಿ ಕಲ್ಲಿದ್ದಲು ಸುಟ್ಟ ಬೂದಿ ಗುಡ್ಡಗುಡ್ಡವಾಗಿ ಬಿದ್ದಿರುತ್ತಿತ್ತು.

"ಒಂದು ಚೀಲ ತಂದ್ಕೊಡೋ" ಎಂದಿದ್ದಳು.

"ಯಾಕೆ, ಲ್ಯಾಬಲ್ಲಿ ಪಾತ್ರೆ ತಿಕ್ಕೋ ಕೆಲಸಾನೂ ಕೊಟ್ರಾ?" ಎಂದು ನಕ್ಕಿದ್ದ. ಆದರೆ ಸಂಜೆಯೇ ಚೀಲ ಹೊತ್ತು ತಂದಿದ್ದ. ಅವಳು ಕೇಳಿದ್ದನ್ನು ಅವನು ಎಂದೂ ಇಲ್ಲ ಎಂದವನಲ್ಲ. ಅಪ್ಪ ಹೋದ ಮೇಲೆ ಅವಳನ್ನು ಕಾಲೇಜಿಗೆ ಸೇರಿಸಿ, ಐದು ವರ್ಷ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದವನೂ ಅವನೇ.

ಒಂದೂವರೆ ವರ್ಷ ಅವಳು ಆ ಬೂದಿಯ ಬೆನ್ನು ಬಿದ್ದಳು. ಮೂರು ಸಲ ತೊಳೆದು, ಕಾಸ್ಟಿಕ್ ಸೋಡಾ ನೀರಿನಲ್ಲಿ ಇಡೀ ದಿನ ಬೇಯಿಸಿ, ಮತ್ತೆ ತೊಳೆದು, ಒಣಗಿಸಿ, ಕಡಲೆಯಷ್ಟು ಸಣ್ಣ ಕಾಳುಗಳಾಗಿ ಕಟ್ಟುವುದು. ಮುಂಗೈ ಎರಡು ಬಾರಿ ಸುಟ್ಟಿತು. ಕೊನೆಗೊಂದು ಮಧ್ಯಾಹ್ನ, ಆ ಕಾಳು ತುಂಬಿದ ಕೊಳವೆಯೊಳಗೆ ಕೆಂಪು ನೀರು ಹೋಗಿ ತಿಳಿಯಾಗಿ ಇಳಿಯಿತು. ಅಣ್ಣ ಆ ನೀರನ್ನು ಲೋಟದಲ್ಲಿ ಹಿಡಿದು ಬೀದಿಯ ತುದಿಯವರೆಗೂ ತೋರಿಸಿಕೊಂಡು ಬಂದ.

ಬೀದಿಗೆಲ್ಲ ಆಗುವಷ್ಟು ಕಾಳು ಮಾಡಲು ಅವನು ಕೆಲಸ ಬಿಟ್ಟು ಶೆಡ್ಡು ಹಾಕಿದ, ದೊಡ್ಡ ದೊಡ್ಡ ಹಂಡೆ ತಂದ. ಪ್ರತಿ ವಾರ ಅವಳಿಗೆ ಒಂದು ಡಬ್ಬಿ ಮಾದರಿ ತಂದುಕೊಡುವನು. ಅವಳು ಪರೀಕ್ಷಿಸಿ ಚೀಟಿಗೆ ಸಹಿ ಹಾಕುವಳು. ಆ ಚೀಟಿ ಅಂಟಿಸಿದ ಮೂಟೆಗಳು ತೊಟ್ಟಿಗೆ ಬರುತ್ತಿದ್ದವು. ಕಾಲುವೆಯ ನೀರು ಹಲವು ವರ್ಷಗಳ ಮೇಲೆ ನೀರಿನ ಬಣ್ಣಕ್ಕೆ ತಿರುಗಿತು.

ವರ್ಷ ತುಂಬುವುದರೊಳಗೆ, ಕಾಲುವೆ ಕೆಳಗಿನ ತೋಟದ ಅಜ್ಜಿ ಸೆರಗಿನಲ್ಲಿ ಸೌತೆ ಎಲೆ ಕಟ್ಟಿಕೊಂಡು ಬಂದಳು. ಎಲೆಗಳ ಅಂಚೆಲ್ಲ ಸುಟ್ಟು ಕಂದಾಗಿತ್ತು.

"ನೀರೇನೋ ಕನ್ನಡಿ ಹಾಗಿದೆ ಕಣವ್ವ. ಆದ್ರೆ ಬಣ್ಣದ ನೀರಲ್ಲಿ ಬದುಕಿದ ಗಿಡ ಈ ನೀರಲ್ಲಿ ಸಾಯ್ತಿದೆ."

"ಗೊಬ್ಬರ ಜಾಸ್ತಿ ಆಗಿರ್ಬೇಕಜ್ಜಿ" ಎಂದಳು ಲ್ಯಾಬಕ್ಕ, ಸ್ವಲ್ಪ ಬಿಗುವಿನಿಂದಲೇ.

"ಗೊಬ್ಬರ ನಾನು ನೀನು ಹುಟ್ಟೋಕೂ ಮುಂಚಿಂದ ಹಾಕ್ತಿದೀನಿ."

ಅಜ್ಜಿ ಹೋದ ಮೇಲೆ ಅವಳು ಕಾಲುವೆಯ ನೀರು ತಂದು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದಳು. ವರದಿಯಲ್ಲಿ ಬೋರಾನ್ ಇತ್ತು, ಆರ್ಸೆನಿಕ್ ಇತ್ತು, ಎರಡೂ ಬೇಯಿಸದ ಬೂದಿ ಬಿಡುವ ವಿಷ. ಓದಿದವಳೇ ತೊಟ್ಟಿಯ ಬಳಿ ಹೋಗಿ ಒಂದು ಮೂಟೆ ಬಿಚ್ಚಿದಳು. ಹಿಡಿ ಕಾಳನ್ನು ಬಕೆಟ್ಟಿನಲ್ಲಿ ಹಿಸುಕಿದಳು. ಸಿಮೆಂಟಿನಲ್ಲಿ ಅಂಟಿಸಿದ ಹಸಿ ಬೂದಿ ಕರಗಿ ನೀರು ರಾಡಿಯಾಯಿತು. ಮೂಟೆಯ ಮೇಲೆ ಅವಳದೇ ಸಹಿ.

ಅಲ್ಲಿಂದ ನೇರ ಅಣ್ಣನ ಶೆಡ್ಡಿಗೆ ಹೋದಳು. ಹಂಡೆಗಳು ಬೋರಲು ಬಿದ್ದಿದ್ದವು. ಒಲೆಯ ಬಾಯಿಗೆ ಜೇಡ ಬಲೆ ಕಟ್ಟಿತ್ತು.

"ಯಾವಾಗಿಂದ ಬೇಯಿಸ್ತಿಲ್ಲ?"

"ಬಾ, ಕೂತ್ಕೋ. ಮುಖ ಯಾಕೆ ಹೀಗಿದೆ?"

"ಯಾವಾಗಿಂದ ಅಣ್ಣಾ?"

ಅವನು ತಿಪ್ಪೆ ಸಾರಿಸಲು ನೋಡಿದ. ಆಗಲಿಲ್ಲ. "ಶೆಡ್ಡು ಹಾಕಿದ ಮೂರನೇ ತಿಂಗಳಿಂದ. ನಿನ್ನ ಒಂದು ಹಂಡೆ ಬೇಯೋದ್ರೊಳಗೆ ಇಡೀ ಬೀದಿ ಬಾಗಿಲಲ್ಲಿ ನಿಂತಿರ್ತಿತ್ತು. ಹಸಿ ಬೂದಿನೂ ಬಣ್ಣ ಎಳೆಯುತ್ತೆ ಅಂತ ನೀನೇ ಹೇಳಿದ್ದೆ."

"ಎಳ್ಕೊಂಡು ತನ್ನ ವಿಷ ಬಿಡುತ್ತೆ ಅಂತಾನೂ ಹೇಳಿದ್ದೆ."

"ವಿಷ ಯಾರ ಕಣ್ಣಿಗೆ ಕಾಣುತ್ತೆ? ಜನ ಕೇಳಿದ್ದು ತಿಳಿನೀರು. ಕೊಟ್ಟೆ."

"ಮತ್ತೆ ನಂಗೆ ತಂದು ಕೊಡ್ತಿದ್ದ ಡಬ್ಬಿ?"

ಅವನು ತಲೆ ತಗ್ಗಿಸಿದ. "ಅದು ಬೇಯಿಸಿದ್ದೇ. ನಿನಗೆ ಅಂತಲೇ ವಾರಕ್ಕೊಂದು ಪಾತ್ರೆ ಬೇಯಿಸ್ತಿದ್ದೆ."

ಅವಸರದಲ್ಲಿ ತಪ್ಪಿದ್ದರೆ ತಪ್ಪೆನ್ನಬಹುದಿತ್ತು. ಇವನು ವಾರ ವಾರವೂ ಕೂತು, ಅವಳು ಹೇಳಿಕೊಟ್ಟ ಹಾಗೆಯೇ ಮೂರು ಸಲ ತೊಳೆದು, ಇಡೀ ದಿನ ಬೇಯಿಸಿ, ಶ್ರದ್ಧೆಯಿಂದ ಅವಳಿಗೆ ಮೋಸ ಮಾಡಿದ್ದ.

ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಸೊಪ್ಪು ಬಿಡಿಸುವ ಕೈ ನಿಲ್ಲಿಸಲಿಲ್ಲ.

"ಹಿತ್ತಲಲ್ಲೇ ಬೇಯಿಸ್ತಿದ್ದ. ನೀನು ಕೆಲಸಕ್ಕೆ ಹೋದ್ಮೇಲೆ. ಉರಿ ನಾನೇ ನೋಡ್ಕೋತಿದ್ದೆ."

"ಗೊತ್ತಿತ್ತಾ ನಿಂಗೆ?"

"ನಿನ್ನ ಓದಿಸಿದವನು ಅವನು. ಒಂದ್ಸಲ ನೀನು ಕಣ್ಮುಚ್ಕೊಂಡ್ರೆ ಏನಾಯ್ತು? ಒಡಹುಟ್ಟಿದವನನ್ನ ಬೀದಿಗೆ ಎಳೀಬೇಡ."

ಅವಳು ಎಳೆದಳು. ಮರುದಿನ ಬೆಳಿಗ್ಗೆ ಬಣ್ಣಗಾರರನ್ನೆಲ್ಲ ತೊಟ್ಟಿಯ ಬಳಿ ಕರೆಸಿ ವರದಿ ಓದಿದಳು. ಬಕೆಟ್ಟಿನಲ್ಲಿ ಕಾಳು ಹಿಸುಕಿ ತೋರಿಸಿದಳು. ಯಾರೂ ಶಭಾಷ್ ಎನ್ನಲಿಲ್ಲ. "ಬೇಲಿನೇ ಎದ್ದು ಹೊಲ ಮೇಯ್ತು ಅನ್ನಿ. ಸಹಿ ನಿಮ್ದೇ ಅಲ್ವಾ ಲ್ಯಾಬಕ್ಕ?" ಎಂದ ನೀಲಿ ಬಣ್ಣದವನು. ಹೌದು, ನನ್ನದೇ ಎಂದಳು. ಅದನ್ನೇ ಬರೆದು ಅಧಿಕಾರಿಗಳಿಗೂ ಕೊಟ್ಟಳು.

ಶೆಡ್ಡಿಗೆ ಬೀಗ ಬಿತ್ತು. ಅಣ್ಣ ಮಾತು ಬಿಟ್ಟ. ಅವಳು ಬಟ್ಟೆಬರೆ ತೆಗೆದುಕೊಂಡು ಬೇರೆ ಕೋಣೆ ಹಿಡಿದಳು. ಬಾಗಿಲವರೆಗೆ ಬಂದ ಅಮ್ಮ, ಹೋಗಬೇಡ ಅನ್ನಲಿಲ್ಲ. ಬಣ್ಣಗಾರರು ಗೊಣಗುತ್ತಲೇ ಅವಳನ್ನು ಕೆಲಸದಲ್ಲಿ ಉಳಿಸಿಕೊಂಡರು, ತೊಟ್ಟಿ ತಿಳಿದವರು ಬೇರೆ ಯಾರಿದ್ದರು? ಈಗ ಬೂದಿಯನ್ನು ಅವಳೇ ನಿಂತು ಬೇಯಿಸುತ್ತಾಳೆ. ಬೀದಿಯ ಅರ್ಧ ನೀರಿಗೂ ಅದು ಸಾಲದು. ಉಳಿದವರು ಸರದಿ ಕಾಯುತ್ತಾರೆ, ಬೈಯುತ್ತಾರೆ.

ಪ್ರತಿ ವಾರ ಅಜ್ಜಿಯ ತೋಟಕ್ಕೆ ಹೋಗಿ ಪರೀಕ್ಷೆಗೆ ಮಣ್ಣು ತರುತ್ತಾಳೆ. ಅಜ್ಜಿ ಮೊದಮೊದಲು ಬೆನ್ನು ತಿರುಗಿಸಿಯೇ ನಿಲ್ಲುತ್ತಿದ್ದಳು. ಮೊನ್ನೆ ಮಾತ್ರ ಕೇಳಿದಳು, "ನಿಮ್ಮಣ್ಣ ಮಾತಾಡಿಸ್ತಾನಾ?"

"ಇಲ್ಲಜ್ಜಿ."

"ನೀನು?"

ಅವಳು ಮಣ್ಣಿನ ಚೀಲದ ಬಾಯಿ ಕಟ್ಟುತ್ತ ಕೂತಳು.