ಬಿಸಿಲಿಗಿಟ್ಟ ಪ್ಲೇಟು

ಮನೆಗೆ ಯಾರಾದರೂ ಬರುತ್ತಾರೆಂದರೆ ಸೇವಂತಿಯ ಕೈ ಸುಮ್ಮನಿರುವುದಿಲ್ಲ. ಪರದೆ, ದಿಂಬಿನ ಚೀಲ, ಕಾಲೊರಸು ಎಲ್ಲವನ್ನೂ ತೊಳೆದು, ಮುಂಬಯಿ ಆಂಟಾಪ್ ಹಿಲ್‌ನ ತಮ್ಮ ಹಳೇ ಬಿಲ್ಡಿಂಗಿನ ಟೆರೇಸಿನಲ್ಲಿ ಬಿಸಿಲಿಗೆ ಹಾಕಿದ ಮೇಲೇ ಅವಳಿಗೆ ಸಮಾಧಾನ. ಉಡುಪಿಯ ಮಳೆಯಲ್ಲಿ ಹುಟ್ಟಿ ಬೆಳೆದ ಹೆಂಗಸು. ಬೂಷ್ಟು ಹಿಡಿದದ್ದಕ್ಕೆಲ್ಲ ಬಿಸಿಲೊಂದೇ ಮದ್ದು ಎಂದು ತಾಯಿಯಿಂದ ಕಲಿತದ್ದನ್ನು ಮುಂಬಯಿಗೆ ಬಂದ ಮೇಲೂ ಬಿಟ್ಟಿರಲಿಲ್ಲ.

ಈ ಸಲ ಬರುವವನು ರೋಶನ್. ಸಾಂತಾಕ್ರೂಜ್‌ನಲ್ಲಿ ಅವನದೊಂದು ಸಣ್ಣ ಕಂಪನಿ. ಜನ ಮರೆತ ಹಳೆಯ ಸಂಗೀತವನ್ನು ಹುಡುಕಿ ಹೊಸದಾಗಿ ಹೊರತರುವುದು ಅವನ ಕೆಲಸ. ಅವನಿಗೆ ಬೇಕಾದದ್ದು ಸೇವಂತಿಯ ಗಂಡ ಕಿಶೋರನ ಹಳೆಯ ಫಂಕ್ ಸಂಗೀತದ ಆಲ್ಬಮ್.

ಕಿಶೋರ ಒಂದು ಕಾಲದಲ್ಲಿ ಮೆರೆದದ್ದು ಅಷ್ಟಿಷ್ಟಲ್ಲ. ಮಾವನ ಹೋಟೆಲಿನಲ್ಲಿ ಚಹಾ ಕೊಡಲು ಬಂದವನು ಬಾಸ್ ಗಿಟಾರಿನ ಹುಚ್ಚು ಹತ್ತಿಸಿಕೊಂಡು ದೊಡ್ಡ ಹೋಟೆಲೊಂದರ ಬ್ಯಾಂಡು ಸೇರಿದ. ತಂದೆ ಯಕ್ಷಗಾನದ ವೇಷಧಾರಿ. ಅವರ ಪೆಟ್ಟಿಗೆಯಿಂದ ಭುಜಕೀರ್ತಿ ಎಗರಿಸಿ ತಂದು ಹೆಗಲಿಗೇರಿಸಿ, ಕನ್ನಡಿಚೂರಿನ ಅಂಗಿ ತೊಟ್ಟು, ಬೂಟಿಗೆ ಗೆಜ್ಜೆ ಕಟ್ಟಿಕೊಂಡು ಸ್ಟೇಜಿಗೆ ಬರುತ್ತಿದ್ದ. ದಪ್ಪ ತಂತಿಗಳನ್ನು ಅವನು ಮೀಟುತ್ತಿರಲಿಲ್ಲ, ಬಲಗೈ ಹೆಬ್ಬೆರಳಿನಿಂದ ಹೊಡೆಯುತ್ತಿದ್ದ. ಉಣ್ಣಲು ಕುಳಿತವರ ಕಾಲು ಹೇಳದೆ ಕೇಳದೆ ಕುಣಿಯುತ್ತಿತ್ತು. ಫಂಕ್ ಅಂದರೆ ಅಷ್ಟೇ, ಬೇರೆ ಶಾಸ್ತ್ರವಿಲ್ಲ ಎಂದು ನಗುತ್ತಿದ್ದ.

ಕವರಿನ ಮೇಲೆ ಆ ವೇಷದ ಫೋಟೊ ಹೊತ್ತು ಎರಡು ಆಲ್ಬಮ್ ಬಂದವು. ಮೊದಲನೆಯದು ಈಗಲೂ ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಹಾಡುಗಳನ್ನು ಸ್ಟೇಜಿನಲ್ಲಿ ಕೇಳಿದ್ದ ಬಲ್ಲವರು ಕ್ಲಾಸಿಕ್ ಎಂದು ತಲೆದೂಗುವುದು ಎರಡನೆಯದಕ್ಕೆ. ಅದು ಅಂಗಡಿ ಮುಟ್ಟುವ ಮೊದಲೇ ಅಚ್ಚು ಹಾಕಿಸಿದ ರೆಕಾರ್ಡ್ ಕಂಪನಿ ಬಾಗಿಲು ಹಾಕಿತು. ಕುರ್ಲಾದ ಗೋದಾಮಿನಲ್ಲಿದ್ದ ಮೂಲ ಟೇಪು, ಪ್ರತಿಗಳು ಎಲ್ಲವೂ 2005ರ ಮಹಾಮಳೆಯಲ್ಲಿ ಕೆಸರುಪಾಲಾದವು. ಉಳಿದದ್ದು ಕಿಶೋರನ ಕಪಾಟಿನಲ್ಲಿದ್ದ ಒಂದೇ ಒಂದು ಗ್ರಾಮಫೋನ್ ಪ್ಲೇಟು.

ಸೇವಂತಿಗೆ ಅದನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಊರಿನ ನೆಂಟರು ಬಂದಾಗ ಆ ಕವರಿನ ಮೇಲಿನ ಗಂಡನ ಅವತಾರಕ್ಕೆ ನಾಚಿ, ಅದನ್ನು ಗೋಡೆಯ ಕಡೆ ಮುಖ ಮಾಡಿ ಇಡುತ್ತಿದ್ದಳು. ಆಮೇಲೆ ಲಕ್ವ ಹೊಡೆದು ಕಿಶೋರನ ಬಲಭಾಗ ಬಿದ್ದುಹೋಯಿತು. ಹೆಬ್ಬೆರಳು ಸತ್ತಿತು, ಮಾತು ತೊದಲಾಯಿತು. ಗಂಡ ಗಡ್ಡ ಬಿಟ್ಟುಕೊಂಡು ಮಂಚ ಹಿಡಿದ. ರೋಶನ್‌ನ ಫೋನು ಬಂದದ್ದೇ ತಡ, ಅದೇ ಕಿಶೋರ ದಿನಾ ಬೆಳಿಗ್ಗೆ ಎದ್ದು, ಗಡ್ಡ ಬೋಳಿಸು ಎಂದು ಕೆನ್ನೆ ತೋರಿಸತೊಡಗಿದ. ಆ ಪ್ಲೇಟಿನ ಮೇಲೆ ಸೇವಂತಿಗೆ ಮೊದಲ ಬಾರಿ ಪ್ರೀತಿ ಬಂದದ್ದು ಆಗ.

ಆ ಪ್ರೀತಿಯೇ ಮುಳುವಾಯಿತು. ರೋಶನ್ ಬರುವ ದಿನ ಬೆಳಿಗ್ಗೆ ಕವರು ತೆಗೆದು ನೋಡಿದರೆ ಪ್ಲೇಟಿನ ತುಂಬ ಬಿಳೀ ಬೂಷ್ಟು. ಇದನ್ನು ಬಂದವನ ಕೈಗೆ ಹೇಗೆ ಕೊಡುವುದು? ಅಂಟುವಾಳದ ನೊರೆಯಲ್ಲಿ, ಮಗುವಿಗೆ ಮೀಯಿಸಿದಷ್ಟು ಜೋಪಾನವಾಗಿ ತೊಳೆದಳು. ಟೆರೇಸಿಗೆ ಒಯ್ದು, ಹಪ್ಪಳ ಹರವಿದ್ದ ಹಳೇ ಸೀರೆಯ ತುದಿಯಲ್ಲಿ ಇಟ್ಟಳು. ಮಳೆಗಾಲ ಮುಗಿದ ಮೇಲಿನ ಅಕ್ಟೋಬರ್ ಬಿಸಿಲು ಸುಡುತ್ತಿತ್ತು. ಒಳ್ಳೆಯದೇ ಆಯಿತು, ಬೇಗ ಒಣಗುತ್ತದೆ ಎಂದುಕೊಂಡು ಕೆಳಗಿಳಿದು, ಗಂಡನಿಗೆ ಸ್ನಾನ ಮಾಡಿಸಿ, ಇಸ್ತ್ರಿ ಹಾಕಿದ ಅಂಗಿ ತೊಡಿಸಿದಳು.

ತಿರುಗಿ ಹೋದಾಗ ಪ್ಲೇಟಿನ ಅಂಚು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು. ಸೇವಂತಿ ಅದನ್ನು ನೆರಳಿಗೆ ಎಳೆದಳು. ಅಂಗೈಯಿಂದ ಒತ್ತಿ ನೋಡಿದಳು. ಒತ್ತಿದಲ್ಲಿ ತಗ್ಗಿ ಇನ್ನೊಂದು ಕಡೆ ಎದ್ದಿತು. ಏನೂ ತೋಚದೆ ಕವರಿನೊಳಗೆ ತುರುಕಿ ತಂದಿಟ್ಟಳು.

ರೋಶನ್ ಬಂದು ಕಿಶೋರನ ಕಾಲು ಮುಟ್ಟಿದ. ಕವರು ನೋಡಿ ಅವನ ಮುಖ ಅರಳಿತು. ಪ್ಲೇಟು ಹೊರಗೆಳೆದು ಅದರ ಸೊಟ್ಟ ಅಂಚನ್ನು ಬೆರಳಿನಿಂದ ಸವರಿದ.

"ಆಂಟಿ, ಇದು... ಧೂಪ್‌ನಲ್ಲಿ... ಬಿಸಿಲಲ್ಲಿ ಇಟ್ಟದ್ದಾ?"

ಸೇವಂತಿ ಸೆರಗಿಗೆ ಕೈ ಒರೆಸಿಕೊಂಡಳು. ಕಿಶೋರ ಪ್ಲೇಟನ್ನು ನೋಡಿದ, ಹೆಂಡತಿಯ ಒದ್ದೆ ಸೆರಗನ್ನು ನೋಡಿದ.

"ನಾ... ನಾನೇ ಹೇಳಿದ್ದು, ಇಡ್ಲಿಕ್ಕೆ," ಎಂದ.

ರೋಶನ್ ತಾನು ತಂದ ಯಂತ್ರದಲ್ಲಿ ಪ್ಲೇಟು ಇಟ್ಟು, ಮುಳ್ಳು ಇಳಿಸಿದ. ಮುಳ್ಳು ಅಂಚಿನ ಹಾಡುಗಳಲ್ಲಿ ನಿಲ್ಲದೆ ಹಾರಿ ಹಾರಿ ಬಿದ್ದಿತು. ಇನ್ನೊಂದು ಪ್ರತಿ ಎಲ್ಲಾದರೂ ಇದೆಯಾ ಎಂದು ಮೆಲ್ಲಗೆ ಕೇಳಿದ. ಇಲ್ಲವೆಂದು ಅವನಿಗೂ ಗೊತ್ತಿತ್ತು. "ಅಂಕಲ್, ಟೆನ್ಶನ್ ಬೇಡ. ಫಸ್ಟ್ ಆಲ್ಬಮ್ ಮಾಡುವಾ," ಎಂದ. ಚಹಾ ಅರ್ಧ ಕುಡಿದು, ಯಂತ್ರ ನಿಮ್ಮಲ್ಲೇ ಇರಲಿ, ಆಮೇಲೆ ಒಯ್ಯುತ್ತೇನೆ ಎಂದು ಹೊರಟುಹೋದ.

ಬಾಗಿಲು ಹಾಕಿ ಬಂದವಳಿಗೆ ಕಿಶೋರ ಎಡಗೈಯಿಂದ ಯಂತ್ರ ತೋರಿಸಿದ. "ಹಾಕು."

"ಎಂತ ಹಾಕುದು? ನಿಮ್ಮ ಹೆಸರು ಉಳಿಯುದು ಅದೊಂದ್ರಲ್ಲಿ ಇತ್ತು. ನಾನೇ ಕೈಯಾರೆ ಹಾಳು ಮಾಡಿ ಆಯ್ತಲ್ಲ," ಎಂದು ಸೇವಂತಿ ಅತ್ತಳು.

"ಒಳಗಿನ ಹಾಡು... ಹಾಕು ಮಾರಾಯ್ತಿ."

ನಡುವಿನ ಹತ್ತಿರದ ಕೊನೆಯ ಹಾಡಿನಲ್ಲಿ ಮುಳ್ಳು ಹೇಗೋ ನಿಂತಿತು. ಪ್ಲೇಟು ಎದ್ದು ಬಿದ್ದು ತಿರುಗಿದಂತೆಲ್ಲ ಬಾಸ್ ಎಳೆಯಿತು, ಎಡವಿತು, ಮತ್ತೆ ಓಡಿತು. ಹೆಬ್ಬೆರಳಿನ ಆ ಗಟ್ಟಿ ಏಟುಗಳು ಮೆತ್ತಗಾಗಿ ಒಂದರೊಳಗೊಂದು ಕಲಸಿಹೋಗಿದ್ದವು. ಕೇಳಲಾರದೆ ಸೇವಂತಿ ಮುಳ್ಳು ಎತ್ತಲು ಹೋದಳು. ಕಿಶೋರ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ. ಹಾಡು ಮುಗಿಯುವವರೆಗೆ ಬಿಡಲಿಲ್ಲ.

"ಈಗ ಸರಿಯಾಯ್ತು," ಎಂದ.

"ಎಂತ ಸರಿ?"

"ಅದೂ ನನ್ನ ಹಾಗೇ... ತೊದಲ್ತದೆ."

ಮರುದಿನ ಬೆಳಿಗ್ಗೆ ಸೇವಂತಿ ಬಿಸಿನೀರು, ಸೋಪು, ಬ್ಲೇಡು ತಂದು ಮಂಚದ ಪಕ್ಕ ಇಟ್ಟಳು. ಎದ್ದೇಳಿ, ಗಡ್ಡ ತೆಗೀತೇನೆ ಎಂದು ಕರೆದಳು. ಕಿಶೋರ ಎಚ್ಚರವಾಗಿಯೇ ಇದ್ದ, ಆದರೆ ಕೆನ್ನೆ ತೋರಿಸಲಿಲ್ಲ. ನೀರು ಆರುವವರೆಗೂ ಅವಳು ಕಾದಳು. ಅವನು ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದ.