ಪೂವಮ್ಮನ ಸೇವಂತಿಗೆ ಮಾಲೆ

ದರ್ಬೆಯಿಂದ ಗುತ್ತಿಗಾರಿಗೆ ಬರುವ ದಾರಿಯಿಡೀ ಜಯಪ್ರಕಾಶ್ ಮುಹ್ಸಿನಾಳಿಗೆ ಒಂದೇ ಮಾತನ್ನು ಬಾಯಿಪಾಠ ಮಾಡಿಸಿದ್ದ. ಮಾಲೆಯ ನೂಲು ರೆಕ್ಕೆಗೆ ಸುತ್ತಿಕೊಂಡು ಡ್ರೋನ್ ಬಿತ್ತು. ಅಷ್ಟು ಹೇಳಿದರೆ ಸಾಕು, ಹೆಚ್ಚು ಬಾಯಿ ಬಿಟ್ಟರೆ ನಾಳೆಯಿಂದ ಬರುವುದು ಬೇಡ ಎಂದಿದ್ದ.

ತೋಟಕ್ಕೆ ನುಗ್ಗುವ ಆನೆಗಳನ್ನು ಸೈರನ್ ಕೂಗಿಸಿ ಓಡಿಸುವ ಡ್ರೋನ್ ಅವನ ಕಂಪನಿಯದು. ಸಂಜೆ ಕಾಲೇಜಿನಲ್ಲಿ ಕಲಿತ ಮುಹ್ಸಿನಾ ಅದನ್ನು ಜೋಡಿಸಿ ಹಾರಾಟಕ್ಕೆ ಸಿದ್ಧ ಮಾಡುವವಳು. ಮೊದಲೊಮ್ಮೆ ಪಂಜ ಊರಿನಲ್ಲಿ ಜನರ ಮುಂದೆ ಹಾರಿಸಿದಾಗ ಬ್ಯಾಟರಿ ಇಳಿದು, ಅದು ಅರ್ಧದಿಂದ ತಾನಾಗಿ ಹಿಂದೆ ಬಂದಿತ್ತು. ಬೀಳದ ಹಾಗೆ ಕಾಯುವುದು ಹೀಗೆ ತಾನಾಗಿ ಹಿಂದೆ ಬರುವ ಏರ್ಪಾಡೇ. ಆದರೆ ಯಾರೋ ಒಬ್ಬರು, "ಎಂತ ಮಾರಾಯ್ರೆ, ಆನೆ ಕಾಣುವ ಮೊದಲೇ ಹೆದರಿತಾ ಇದು?" ಎಂದದ್ದಕ್ಕೆ ಎಲ್ಲರೂ ನಕ್ಕಿದ್ದರು. ಜಯಪ್ರಕಾಶನಿಗೆ ಆ ನಗು ಚುಚ್ಚಿತು. ಗುತ್ತಿಗಾರಿನಲ್ಲಿ ಆ ಏರ್ಪಾಡನ್ನು ಆಫ್ ಮಾಡಿಡು ಎಂದ. ಬೇಡ ಸರ್ ಎಂದು ಅವಳು ಮೆಲ್ಲಗೆ ಹೇಳಿದಳು, ಮತ್ತೆ ಆಫ್ ಮಾಡಿದಳು. ಅಲ್ಲಿ ಬ್ಯಾಟರಿ ಇಳಿದದ್ದೇ ಡ್ರೋನ್ ನೆಟ್ಟಗೆ ತೋಟದ ಯಜಮಾನ ಪದ್ಮಯ್ಯನವರ ಭುಜದ ಮೇಲೆ ಬಿತ್ತು.

ಹಾರುವ ಮೊದಲು ಅವರ ಹೆಂಡತಿ ಪೂವಮ್ಮ, ಹೊಸ ವಾಹನಕ್ಕೆ ಹಾಕುವ ಹಾಗೆ ಅದಕ್ಕೆ ಸೇವಂತಿಗೆ ಮಾಲೆ ಹಾಕಿ, ಚಾ ಮಾಡಲು ಒಳಗೆ ಹೋಗಿದ್ದರು. ಜನರೆಲ್ಲ ಜಯಪ್ರಕಾಶನ ಭಾಷಣ ಕೇಳುತ್ತಿದ್ದಾಗ ಮುಹ್ಸಿನಾ ಮಾಲೆ ತೆಗೆದು ಜೀಪಿನ ಪೆಟ್ಟಿಗೆಯಲ್ಲಿಟ್ಟಳು. ಬಿದ್ದ ಡ್ರೋನನ್ನು ಹೆಕ್ಕಿದವನು ಜಯಪ್ರಕಾಶನೇ. ರೆಕ್ಕೆಯಲ್ಲಿ ನೂಲಿನ ಎಳೆಯೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಆಸ್ಪತ್ರೆಯ ಬಾಗಿಲಲ್ಲೇ ಮಾಲೆಯ ಕಥೆ ಕಟ್ಟಿದ.

ಅದಾಗಿ ಕೆಲವು ದಿನ ಕಳೆದು, ಈಗ ಪದ್ಮಯ್ಯ ಕೈಗೆ ಪಟ್ಟಿ ಕಟ್ಟಿಕೊಂಡು ತಮ್ಮ ಮನೆಯ ಜಗಲಿಯಲ್ಲಿ ಕೂತಿದ್ದರು. ಮಾಲೆಯ ಕಥೆ ನಂಬಿದ ಅವರು ಹೆಂಡತಿ ತಂದ ನೀರಿನ ಲೋಟವನ್ನು ಮುಟ್ಟಲಿಲ್ಲ, ಆಕೆಯ ಮುಖವನ್ನೂ ನೋಡಲಿಲ್ಲ. ತಪ್ಪು ಮನೆಯವರದೇ ಆದರೂ ಕಂಪನಿ ಕೈಬಿಡುವುದಿಲ್ಲ ಎಂದು ಜಯಪ್ರಕಾಶ್ ದೊಡ್ಡ ಮನಸ್ಸಿನವನ ಹಾಗೆ ಮಾತಾಡಿ, ಮುಹ್ಸಿನಾಳ ಕಡೆ ತಿರುಗಿದ.

ಪೂವಮ್ಮ ಸೆರಗು ಹಿಂಡುತ್ತಾ ಕೇಳಿದರು, "ನೀನಾದರೂ ಹೇಳು. ನನ್ನ ಮಾಲೆಯಿಂದಲಾ?"

ಮುಹ್ಸಿನಾ ಎದ್ದು ಜೀಪಿಗೆ ಹೋದಳು. ಜಯಪ್ರಕಾಶ್ ಹಿಂದಿನಿಂದ ಹಲ್ಲು ಕಚ್ಚಿ ಅವಳ ಹೆಸರು ಕರೆದ. ಅವಳು ಪೆಟ್ಟಿಗೆ ತೆರೆದು, ಬಾಡಿ ಕಪ್ಪಾದ ಮಾಲೆಯನ್ನು ತಂದು ಜಗಲಿಯ ಮೇಲಿಟ್ಟಳು. ಒಂದು ಗಂಟೂ ಬಿಚ್ಚಿರಲಿಲ್ಲ.

"ಹಾರುವ ಮೊದಲೇ ತೆಗೆದಿದ್ದೆ, ಅಕ್ಕ. ಬ್ಯಾಟರಿ ಇಳಿದರೆ ತಾನೇ ಹಿಂದೆ ಬರುವ ಹಾಗೆ ಉಂಟು ಅದರಲ್ಲಿ. ಅದನ್ನು ಆಫ್ ಮಾಡಿದ್ದಕ್ಕೆ ಬಿದ್ದದ್ದು."

"ಆಫ್ ಮಾಡಿದ್ದು ಯಾರು?" ಎಂದು ಪೂವಮ್ಮ ಕೇಳಿದರು.

"ಇವರು ಹೇಳಿದರು. ಮಾಡಿದ್ದು ನಾನು."

ಜಯಪ್ರಕಾಶ್ ಅವಳನ್ನು ಸುಳ್ಳಿ ಎಂದ, ಉಂಡ ಮನೆಗೆ ಎರಡು ಬಗೆದವಳು ಎಂದ. ಮತ್ತೆ ಜೀಪ್ ಹತ್ತಿ, ಅವಳನ್ನು ಬಿಟ್ಟು ಹೋದ.

ಮುಹ್ಸಿನಾ ಒಂದು ಒಳ್ಳೆಯ ಮಾತಿಗೆ ಕಾದಳು.

"ಆವತ್ತೇ ಹೇಳಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದರು ಪೂವಮ್ಮ. "ಇವರು ನನ್ನ ಕೈಯ ನೀರು ಮುಟ್ಟುದಿಲ್ಲ, ಗೊತ್ತುಂಟಾ? ಹೋಗು. ಬಸ್ಸು ಕೆಳಗೆ ಸಿಗ್ತದೆ."

ಅವಳು ಅಂಗಳ ದಾಟಿದಳು. ಹಿಂದಿನಿಂದ ಗೇಟಿನ ಚಿಲಕ ಬಿತ್ತು. ಇಳಿಜಾರಿನಲ್ಲಿ ಹೆಜ್ಜೆ ಇಡುವಾಗ ಜಗಲಿಯಿಂದ ಪೂವಮ್ಮನ ಸ್ವರ ಕೇಳಿತು:

"ಈಗ ಕುಡೀರಿ ನೀರು."